ಅರವತ್ತೇ ಯಾಕೆ? ನರ್ಸಿಂಗ್ ಸಂಶೋಧನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಸಲ್ಲಿಸುವ ಹೊತ್ತು ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ನರ್ಸಿಂಗ್ ವಿದ್ಯಾರ್ಥಿಗಳದು, ಒಂದೆರಡು ವಾರ್ಡಿನಲ್ಲಿ ದುಡಿಯುತ್ತಿರುವ ಸಿಸ್ಟರ್‌ಗಳದು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ. ಕನ್ನಡದಲ್ಲಿ ‘ಚರ’, ‘ಚಲಕ’, ‘ಚರಾಂಶ’ ಎಂದು ಮೂರು ಥರ ಬರೆಯುವ ಪದವನ್ನು (ಒಬ್ಬರಿಂದೊಬ್ಬರಿಗೆ ಬದಲಾಗುವ, ಅಳೆಯಬಹುದಾದ ಅಂಶ) ಕ್ಲಾಸಿನಲ್ಲಿ ಎಲ್ಲರೂ ವೇರಿಯಬಲ್ ಅಂತಲೇ ಅನ್ನುವುದರಿಂದ ಇಲ್ಲೂ ಹಾಗೇ ಬಿಟ್ಟಿದ್ದೇವೆ.

ಪ್ರಶ್ನೆ: ಪಿಎಚ್‌ಸಿಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕಿಗೆ ಬರುವ 40 ಮಂದಿ ಸಕ್ಕರೆ ಕಾಯಿಲೆಯವರಿಗೆ ಪಾದದ ಆರೈಕೆಯ ಬಗ್ಗೆ ಪಾಠ ಮಾಡಿ, ಪಾಠಕ್ಕೆ ಮೊದಲು ಒಮ್ಮೆ, ಏಳನೇ ದಿನ ಇನ್ನೊಮ್ಮೆ 30 ಪ್ರಶ್ನೆಗಳ ಟೆಸ್ಟ್ ಮಾಡಬೇಕೆಂದಿದ್ದೇನೆ. ಕಂಟ್ರೋಲ್ ಗ್ರೂಪ್ (ಹೋಲಿಕೆಗೆ ಇಟ್ಟುಕೊಳ್ಳುವ ಇನ್ನೊಂದು ಗುಂಪು) ಇಲ್ಲದಿದ್ದರೆ ನಡೆಯುವುದಿಲ್ಲ ಎಂದು ಒಬ್ಬ ಮೇಡಂ, ಬಿಎಸ್ಸಿ ಮಟ್ಟಕ್ಕೆ ಇಷ್ಟು ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?
— ಅಂತಿಮ ವರ್ಷದ ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಏಳನೇ ದಿನ ಅಂಕ ಏರಿತು ಅನ್ನಿ. ಅದು ನಿಮ್ಮ ಪಾಠದಿಂದಲೇ ಏರಿದ್ದು ಎಂದು ಒಪ್ಪದ ಒಬ್ಬ ಹಟಮಾರಿ ಎದುರಿಗೆ ಕೂತಿದ್ದಾನೆ ಎಂದುಕೊಳ್ಳಿ. ಅವನು ಏನೇನು ಹೇಳಬಹುದು? ಅದೇ 30 ಪ್ರಶ್ನೆಗಳನ್ನು ವಾರದ ಹಿಂದೆ ಕೇಳಿಸಿಕೊಂಡವರು ಮನೆಗೆ ಹೋಗಿ ಮಗನನ್ನೋ ಪಕ್ಕದ ಬೀದಿಯ ಆಶಾ ಕಾರ್ಯಕರ್ತೆಯನ್ನೋ ವಿಚಾರಿಸಿರಬಹುದು. ಪ್ರೀ ಟೆಸ್ಟೇ ಅರ್ಧ ಪಾಠ ಮಾಡಿಬಿಟ್ಟಿರುತ್ತದೆ. ಆ ವಾರವೇ ಡಾಕ್ಟರು ಯಾರದೋ ಕಾಲಿನ ಹುಣ್ಣು ನೋಡಿ ಸಾಲಿನಲ್ಲಿ ನಿಂತವರಿಗೆಲ್ಲ ಬುದ್ಧಿ ಹೇಳಿರಬಹುದು. ಪಾಠ ಮಾಡಿದ ನೀವೇ ಎದುರು ಕೂತು ಪ್ರಶ್ನೆ ಕೇಳಿದರೆ, ನಿಮಗೆ ಬೇಸರವಾಗಬಾರದೆಂದು ‘ಹೂಂ, ದಿನಾ ನೋಡ್ಕೋತೀನಿ’ ಅಂದಿರಬಹುದು. ಪ್ರೀ ಟೆಸ್ಟಿನಲ್ಲಿ ತೀರಾ ಕಡಿಮೆ ಅಂಕ ಬಂದವರನ್ನೇ ನೀವು ಆರಿಸಿಕೊಂಡಿದ್ದರಂತೂ, ಏನೂ ಮಾಡದೆ ಬಿಟ್ಟರೂ ಎರಡನೇ ಸಲ ಅವರ ಸರಾಸರಿ ಸ್ವಲ್ಪ ಮೇಲೇಳುತ್ತದೆ. ಬಿಪಿ, ಶುಗರ್ ಹೆಚ್ಚಿದ್ದವರನ್ನು ಮಾತ್ರ ಆರಿಸಿ ಮತ್ತೆ ಅಳೆದರೆ ಇಳಿದು ಕಾಣುವುದೂ ಇದೇ ಕಾರಣಕ್ಕೆ.

ಒಂದೇ ಗುಂಪು ಇರುವಾಗ ಇವುಗಳಲ್ಲಿ ಒಂದಕ್ಕೂ ನಿಮ್ಮ ಬಳಿ ಉತ್ತರವಿರುವುದಿಲ್ಲ. ಅದಕ್ಕೇ ಇದನ್ನು ಪ್ರೀ-ಎಕ್ಸ್‌ಪೆರಿಮೆಂಟಲ್ (ಇನ್ನೂ ಪೂರ್ಣ ಪ್ರಯೋಗವಲ್ಲದ್ದು) ಎನ್ನುವುದು. ಬಿಎಸ್ಸಿ ಪ್ರಾಜೆಕ್ಟಿಗೆ ಇದು ಪಾಸಾಗುತ್ತದೆ, ನಿಜ. ಆದರೆ ಶೀರ್ಷಿಕೆಯಲ್ಲಿ ‘ಪರಿಣಾಮಕಾರಿತ್ವ’ ಎಂಬ ಪದ ಬೇಕೇ ಬೇಕು ಅನ್ನುವುದಾದರೆ ಎರಡನೇ ಗುಂಪು ಬೇಕೇ ಬೇಕು.

ಎರಡನೇ ಗುಂಪನ್ನು ಎಲ್ಲಿಂದ ತರುವುದು? ಅದೇ ಕ್ಲಿನಿಕ್ಕಿನಲ್ಲಿ ಅದೇ ದಿನ ಅರ್ಧ ಜನಕ್ಕೆ ಪಾಠ, ಇನ್ನರ್ಧಕ್ಕೆ ಇಲ್ಲ ಎಂದರೆ ಬಸ್ ಸ್ಟಾಪ್ ತಲುಪುವಷ್ಟರಲ್ಲಿ ಇಬ್ಬರೂ ಮಾತಾಡಿಕೊಂಡಿರುತ್ತಾರೆ. ಪಕ್ಕದ ಪಿಎಚ್‌ಸಿಯಿಂದ ತರೋಣ ಎಂದರೆ, ಒಂದಕ್ಕೊಂದು ಹೋಲಿಸುವಾಗ ಕಂಡ ವ್ಯತ್ಯಾಸ ಪಾಠದ್ದೋ ಆ ಎರಡು ಊರುಗಳದ್ದೋ ಬೇರ್ಪಡಿಸಲು ಬರುವುದಿಲ್ಲ. ನಿಮ್ಮ ಕೈಗೆಟುಕುವ ದಾರಿ ವಾರಗಳನ್ನು ಹಂಚಿಕೊಳ್ಳುವುದು. ಕ್ಲಿನಿಕ್ ನಡೆಯುವ 8 ವಾರಗಳಲ್ಲಿ ಯಾವ 4 ವಾರ ಪಾಠ, ಯಾವ 4 ವಾರ ಮಾಮೂಲಿ ಎಂದು ಶುರುವಿನಲ್ಲೇ ಚೀಟಿ ಎತ್ತಿ ತೀರ್ಮಾನಿಸಿ. ಇದೂ ಪರಿಪೂರ್ಣವಲ್ಲ, ಆದರೂ ಒಂದೇ ಗುಂಪಿಗಿಂತ ಎಷ್ಟೋ ಮೇಲು. ಮಾಮೂಲಿ ಗುಂಪಿನವರಿಗೆ ಪೋಸ್ಟ್ ಟೆಸ್ಟ್ ಮುಗಿದ ದಿನವೇ ಅದೇ ಪಾಠ ಮಾಡಿ ಕಳಿಸಿ. ಕಂಟ್ರೋಲ್ ಗ್ರೂಪ್ ಎಂದರೆ ಏನೂ ಕೊಡದೆ ಕಳಿಸುವ ಗುಂಪು ಎಂದುಕೊಂಡವರು ಬಹಳ. ಇಲ್ಲಿ ತಡವಾಗಿ ಕೊಡುತ್ತೀರಿ, ಅಷ್ಟೇ.

ಇನ್ನೊಂದು ಮಾತು. 30 ಪ್ರಶ್ನೆಗಳು ಅಳೆಯುವುದು ತಿಳಿವಳಿಕೆಯನ್ನು. ಕಾಲು ಉಳಿಯುವುದು ರೂಢಿಯಿಂದ. ‘ಮನೆಯೊಳಗೂ ಚಪ್ಪಲಿ ಹಾಕಬೇಕೇ?’ ಎಂಬುದಕ್ಕೆ ಪಾಠ ಕೇಳಿದವರೆಲ್ಲ ಸರಿಯುತ್ತರ ಕೊಡುತ್ತಾರೆ. ಹೊಸಿಲು ದಾಟುವಾಗ ಚಪ್ಪಲಿ ಬಿಡದವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ? ಆದ್ದರಿಂದ ಒಂದು ಚಿಕ್ಕ ಚೆಕ್‌ಲಿಸ್ಟ್ ಇಟ್ಟುಕೊಂಡು ಪಾದವನ್ನೇ ನೋಡಿ: ಉಗುರು ನೇರ ಕತ್ತರಿಸಿದೆಯೇ, ಬೆರಳ ಸಂದು ಒದ್ದೆಯಿದೆಯೇ, ಹಿಮ್ಮಡಿ ಒಡೆದಿದೆಯೇ, ಗಮನಕ್ಕೆ ಬಾರದ ಗಾಯವಿದೆಯೇ. ಇದಕ್ಕೆ ಏಳು ದಿನ ಸಾಲದು, 4 ವಾರವಾದರೂ ಬಿಡಿ. ನೋಡುವವರು ಯಾವ ವಾರದವರು ಯಾರೆಂದು ತಿಳಿಯದ ಸಹಪಾಠಿಯಾಗಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಲಸಿಕೆ ಚುಚ್ಚುವಾಗ ತಾಯಿ ಎದೆಹಾಲು ಕುಡಿಸುತ್ತಿದ್ದರೆ ಮಗುವಿಗೆ ನೋವು ಕಡಿಮೆಯೇ ಎಂಬುದು ನನ್ನ ವಿಷಯ. 6ರಿಂದ 14 ವಾರದ ಮಕ್ಕಳ ನೋವನ್ನು ಫ್ಲಾಕ್ ಸ್ಕೇಲಿನಿಂದ ಅಳೆಯುತ್ತೇನೆ. ಇಂಡಿಪೆಂಡೆಂಟ್ ವೇರಿಯಬಲ್ (ನಾವು ಬದಲಿಸುವುದು) ‘ಎದೆಹಾಲು’, ಡಿಪೆಂಡೆಂಟ್ ವೇರಿಯಬಲ್ (ಅದರಿಂದ ಬದಲಾಗುವುದು) ‘ನೋವು’ ಎಂದು ಬರೆದಿದ್ದೆ. ‘ಆಪರೇಶನಲ್ ಡೆಫಿನಿಶನ್ ಇಲ್ಲ, ಎಕ್ಸ್‌ಟ್ರೇನಿಯಸ್ ವೇರಿಯಬಲ್ ಬರೆದಿಲ್ಲ’ ಎಂದು ವಾಪಸ್ ಬಂತು. ಏನು ಬರೆಯಬೇಕು?
— ಎಂಎಸ್ಸಿ ನರ್ಸಿಂಗ್ (ಮಕ್ಕಳ ವಿಭಾಗ), ಕಲಬುರಗಿ

ಉತ್ತರ: ನೀವು ಇಲ್ಲದ ದಿನ ಇನ್ನೊಬ್ಬ ಸಿಸ್ಟರ್ ನಿಮ್ಮ ಹಾಳೆ ಓದಿ ಅದೇ ಕೆಲಸವನ್ನು ಅದೇ ರೀತಿ ಮಾಡಲು ಬರಬೇಕು. ಆಪರೇಶನಲ್ ಡೆಫಿನಿಶನ್ ಎಂದರೆ ಅಷ್ಟೇ. ‘ಎದೆಹಾಲು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಹೀಗೆ ಬರೆಯಿರಿ: ‘ತಾಯಿ ಕುರ್ಚಿಯಲ್ಲಿ ಕೂತು, ಮಗು ಬಾಯಿ ಅಗಲಿಸಿ ಸರಿಯಾಗಿ ಕಚ್ಚಿಕೊಂಡು ಚೀಪಲು ತೊಡಗಿ 2 ನಿಮಿಷ ಕಳೆದ ಮೇಲೆ ಚುಚ್ಚುವುದು, ಸೂಜಿ ತೆಗೆದ ಮೇಲೂ 2 ನಿಮಿಷ ಕುಡಿಸುವುದನ್ನು ಮುಂದುವರಿಸುವುದು.’ ನಡುವೆ ಮಗು ಮೊಲೆ ಬಿಟ್ಟರೆ ಏನು ದಾಖಲಿಸಬೇಕು ಎಂಬುದನ್ನೂ ಈಗಲೇ ಬರೆದಿಡಿ. ಹಾಗಾಗುವುದು ಖಂಡಿತ.

ನೋವಿಗೆ ನೀವು ಫ್ಲಾಕ್ ಸ್ಕೇಲ್ ಆರಿಸಿದ್ದೀರಿ. ಮುಖ, ಕಾಲು, ಚಲನೆ, ಅಳು, ಸಮಾಧಾನ ಎಂಬ ಐದಕ್ಕೂ 0ರಿಂದ 2, ಒಟ್ಟು 0ರಿಂದ 10. ಇಲ್ಲಿ ಎರಡು ತೊಡಕಿವೆ. ಅದು 2 ತಿಂಗಳಿನಿಂದ 7 ವರ್ಷದವರೆಗಿನ ಮಕ್ಕಳಿಗಾಗಿ ಮಾಡಿದ್ದು; ನಿಮ್ಮ ಸ್ಯಾಂಪಲ್ಲಿನ 6 ವಾರದ ಕೂಸು ಆ ಗೆರೆಯ ಈಚೆಗೇ ಉಳಿಯುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ಬಾಯಿ ತುಂಬ ಮೊಲೆ ಇರುವ ಮಗು ನೋವಾದರೂ ಜೋರಾಗಿ ಅಳಲಾರದು, ತಾಯಿಯ ಮಡಿಲಲ್ಲಿ ಕಾಲು ಒದೆಯಲು ಜಾಗವಿರುವುದಿಲ್ಲ, ಸಮಾಧಾನವಂತೂ ಆಗಲೇ ನಡೆಯುತ್ತಿದೆ. ಅಂದರೆ ಐದರಲ್ಲಿ ಮೂರು ಅಂಶಗಳ ಅಂಕ ನೋವಿದ್ದರೂ ಇಳಿಯುತ್ತದೆ. ಆದ್ದರಿಂದ ಪಲ್ಸ್ ಆಕ್ಸಿಮೀಟರಿನಿಂದ ಹೃದಯ ಬಡಿತವನ್ನು ಚುಚ್ಚುವ ಮೊದಲು, ಚುಚ್ಚಿದ ಕೂಡಲೇ, 1 ನಿಮಿಷಕ್ಕೆ, 3 ನಿಮಿಷಕ್ಕೆ ಬರೆದುಕೊಳ್ಳಿ. ಮುಖ ಕಾಣುವಂತೆ ವಿಡಿಯೊ ಮಾಡಿ ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಟ್ಟು, ಅವರ ಅಂಕಗಳು ಎಷ್ಟು ಹೊಂದುತ್ತವೆ ಎಂದು ನೋಡಿ. ವಿಡಿಯೊಗೆ ತಾಯಿಯ ಒಪ್ಪಿಗೆ ಪ್ರತ್ಯೇಕವಾಗಿ ಬೇಕು. ಎದೆಹಾಲು ಕುಡಿಸುವ ತಾಯಿಯನ್ನು ಯಾರ ಫೋನಿನಲ್ಲಿ ಸೆರೆಹಿಡಿಯುತ್ತೀರಿ, ಯಾವಾಗ ಅಳಿಸುತ್ತೀರಿ ಎಂಬುದು ಹಾಳೆಯಲ್ಲಿ ಇರದಿದ್ದರೆ ಎಥಿಕ್ಸ್ ಕಮಿಟಿ (ಅಧ್ಯಯನದಿಂದ ಜನರಿಗೆ ಅನ್ಯಾಯವಾಗದಂತೆ ನೋಡುವ ಸಮಿತಿ) ಮತ್ತೆ ವಾಪಸ್ ಕಳಿಸುತ್ತದೆ, ಕಳಿಸಲೇಬೇಕು.

ಇನ್ನು ಎಕ್ಸ್‌ಟ್ರೇನಿಯಸ್ ವೇರಿಯಬಲ್. ನೋವಿನ ಅಂಕವನ್ನು ಎದೆಹಾಲಲ್ಲದೆ ಇನ್ನೇನೇನು ಅಲುಗಾಡಿಸಬಹುದು ಎಂದು ಲಸಿಕೆ ಕೋಣೆಯಲ್ಲಿ ಅರ್ಧ ದಿನ ನಿಂತು ನೋಡಿ. ಚುಚ್ಚುವವರ ಕೈ, ಸೂಜಿ ಹಾಕಿ ಪಿಸ್ಟನ್ ಹಿಂದಕ್ಕೆಳೆಯುತ್ತಾರೋ ಇಲ್ಲವೋ, ಮಗು ಹಸಿದಿತ್ತೋ ನಿದ್ದೆಯಲ್ಲಿತ್ತೋ, ಅವಧಿಗೆ ಮೊದಲೇ ಹುಟ್ಟಿದ್ದೋ, ಮುಂಚೆ ಹಾಕಿದ ಬಾಯಿಯ ಹನಿ ಸಿಹಿಯಿತ್ತೋ. ಎಲ್ಲಕ್ಕಿಂತ ದೊಡ್ಡದು ಎಷ್ಟು ಚುಚ್ಚು ಎಂಬುದು. ನಮ್ಮ ರಾಷ್ಟ್ರೀಯ ವೇಳಾಪಟ್ಟಿಯಲ್ಲಿ 6 ವಾರಕ್ಕೆ ಎಡತೊಡೆಗೆ ಪೆಂಟಾವೆಲೆಂಟ್ (ಐದು ರೋಗಗಳ ಲಸಿಕೆ), ಬಲತೊಡೆಗೆ ಪಿಸಿವಿ (ನ್ಯುಮೋಕಾಕಲ್ ಲಸಿಕೆ), ಬಲತೋಳಿನ ಚರ್ಮದೊಳಗೆ ಐಪಿವಿ (ಪೋಲಿಯೊ ಚುಚ್ಚುಲಸಿಕೆ) ಎಂದು ಮೂರು ಚುಚ್ಚು. 14 ವಾರಕ್ಕೂ ಅಷ್ಟೇ. 10 ವಾರಕ್ಕೆ ಪೆಂಟಾವೆಲೆಂಟ್ ಒಂದೇ. ನೀವು ‘6ರಿಂದ 14 ವಾರ’ ಎಂದು ಬರೆದಿದ್ದೀರಿ. ಒಂದು ಚುಚ್ಚಿನ ಅಳುವನ್ನೂ ಮೂರು ಚುಚ್ಚಿನ ಅಳುವನ್ನೂ ಒಂದೇ ಬುಟ್ಟಿಗೆ ಹಾಕಿದಂತಾಯಿತು. 10 ವಾರದ ಭೇಟಿಗೆ ಬಂದವರನ್ನು ಮಾತ್ರ ತೆಗೆದುಕೊಂಡರೆ ಈ ಗೋಜಲು ಪೂರ್ತಿ ಹೋಗುತ್ತದೆ, ಸ್ಕೇಲಿನ 2 ತಿಂಗಳ ಗೆರೆಯನ್ನೂ ದಾಟಿದಂತಾಗುತ್ತದೆ. ಉಳಿದವನ್ನು ಮೂರು ರೀತಿ ಸಂಭಾಳಿಸಬಹುದು. ಕೆಲವನ್ನು ಕಟ್ಟಿಹಾಕಿ: ಒಬ್ಬರೇ ಎಎನ್‌ಎಂ, ಒಂದೇ ಬಗೆಯ ಸಿರಿಂಜು, ಹನಿಗಳ ಒಂದೇ ಕ್ರಮ. ಕೆಲವನ್ನು ಚೀಟಿಗೆ ಬಿಡಿ: ಮಗುವಿನ ಸ್ವಭಾವದಂಥದ್ದು ರ್‍ಯಾಂಡಮ್ ಹಂಚಿಕೆಯಲ್ಲಿ ಎರಡೂ ಕಡೆ ಸರಿಸುಮಾರು ಸಮನಾಗುತ್ತದೆ. ಮಿಕ್ಕದ್ದನ್ನು ಬರೆದಿಡಿ: ಕೊನೆಯ ಸಲ ಹಾಲು ಕುಡಿದ ಹೊತ್ತು, ಹುಟ್ಟಿದಾಗಿನ ತೂಕ. ಅಂದಹಾಗೆ ಓಪಿ ನಂಬರಿನ ಸಮ-ಬೆಸ ನೋಡಿ ಹಂಚುವುದು ರ್‍ಯಾಂಡಮ್ ಅಲ್ಲ. ಮುಂದಿನವರು ಯಾವ ಗುಂಪಿಗೆ ಎಂದು ಮೊದಲೇ ಗೊತ್ತಾದರೆ, ಜೋರು ಅಳುವ ಮಗುವನ್ನು ‘ಆಮೇಲೆ ತಗೊಳ್ಳೋಣ’ ಅನ್ನಿಸುವುದು ಮನುಷ್ಯ ಸಹಜ. ಬೆಳಕಿಗೆ ಹಿಡಿದರೂ ಕಾಣದ ಲಕೋಟೆಗಳಲ್ಲಿ ಚೀಟಿ ಅಂಟಿಸಿ, ನಂಬರು ಹಾಕಿ, ಒಪ್ಪಿಗೆ ಪಡೆದ ಮೇಲೆ ಒಡೆಯಿರಿ.

ಕೊನೆಗೆ ಒಂದು ಕಹಿ ಮಾತು. ಲಸಿಕೆ ಚುಚ್ಚುವಾಗ ಎದೆಹಾಲು ಕುಡಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಶಿಫಾರಸು ಮಾಡಿದೆ. ಪ್ರಯೋಜನ ಖಚಿತವಾದದ್ದನ್ನು ಅರ್ಧ ಮಕ್ಕಳಿಗೆ ಬೇಕೆಂದೇ ತಪ್ಪಿಸಿ ಅಳಿಸಿ ನೋಡುವುದು ಎಥಿಕ್ಸ್ ದೃಷ್ಟಿಯಲ್ಲಿ ನಿಲ್ಲುವುದಿಲ್ಲ. ಎರಡು ಗುಂಪಿನಲ್ಲಿ ಯಾವುದು ಮೇಲು ಎಂಬುದು ನಿಜಕ್ಕೂ ಅನುಮಾನದಲ್ಲಿದ್ದಾಗ ಮಾತ್ರ ಚೀಟಿ ಎತ್ತುವ ಹಕ್ಕು ನಮಗಿರುತ್ತದೆ. ವಿಷಯ ಬಿಡಬೇಕಿಲ್ಲ, ಪ್ರಶ್ನೆ ತಿರುಗಿಸಿ. ಎರಡೂ ಗುಂಪಿನ ತಾಯಂದಿರು ಕುಡಿಸಲಿ. ಒಂದು ಗುಂಪಿಗೆ ಇನ್ನೊಂದು ಉಪಾಯ ಸೇರಿಸಿ ಹೋಲಿಸಿ. ಇಲ್ಲವೇ ಶಿಫಾರಸು ಇದ್ದೂ ನಮ್ಮ ಲಸಿಕೆ ಕೋಣೆಗಳಲ್ಲಿ ಇದು ಯಾಕೆ ನಡೆಯುತ್ತಿಲ್ಲ ಎಂದು ಹುಡುಕಿ: ಕುರ್ಚಿ ಇಲ್ಲವೇ, ಮರೆ ಇಲ್ಲವೇ, ಸಾಲು ಉದ್ದವೇ, ಮಗುವಿಗೆ ಹಾಲು ನೆತ್ತಿಗೇರುತ್ತದೆ ಎಂಬ ಭಯವೇ? ನಮ್ಮನ್ನು ಕೇಳಿದರೆ ಎರಡನೆಯದೇ ಒಳ್ಳೆಯ ಪ್ರಬಂಧವಾಗುತ್ತದೆ.

ಪ್ರಶ್ನೆ: ನಮ್ಮ ಲೈಬ್ರರಿಯಲ್ಲಿರುವ ಪ್ರಬಂಧಗಳಲ್ಲಿ ಬಹುಪಾಲು 60 ಸ್ಯಾಂಪಲ್. ಗೈಡ್ ಕೂಡ 60 ಅಂದರು. ಯಾಕೆ ಎಂದು ವೈವಾದಲ್ಲಿ ಕೇಳಿದರೆ ಏನು ಹೇಳಲಿ?
— ಎಂಎಸ್ಸಿ ವಿದ್ಯಾರ್ಥಿ, ಮಂಗಳೂರು

ಉತ್ತರ: ‘ಹಿಂದಿನವರು ಮಾಡಿದ್ದರು’ ಎಂದು ಹೇಳಲಾಗುವುದಿಲ್ಲವಲ್ಲ! 30 ದಾಟಿದರೆ ‘ದೊಡ್ಡ ಸ್ಯಾಂಪಲ್’ ಎಂಬ ಹಳೆಯ ಪಾಠವನ್ನು ಎರಡು ಗುಂಪಿಗೆ ಗುಣಿಸಿದ್ದು ಈ 60. ಲೆಕ್ಕ ಹಾಕುವುದು ಕಷ್ಟವೇನಲ್ಲ. ಎರಡು ಗುಂಪಿನ ಸರಾಸರಿ ಹೋಲಿಸುವಾಗ ನಿಮಗೆ ಬೇಕಾದ್ದು ಎರಡೇ ಅಂಕಿ: ಹಿಂದಿನ ಅಧ್ಯಯನಗಳಲ್ಲೋ ನಿಮ್ಮ ಪೈಲಟ್‌ನಲ್ಲೋ (ಮೊದಲು ಕೆಲವರ ಮೇಲೆ ಮಾಡಿ ನೋಡುವ ಸಣ್ಣ ಅಧ್ಯಯನ) ಸಿಕ್ಕ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಮತ್ತು ರೋಗಿಗೆ ನಿಜಕ್ಕೂ ಉಪಯೋಗವಾಗುವ ಕನಿಷ್ಠ ವ್ಯತ್ಯಾಸ. ಮೊದಲನೆಯದರ ವರ್ಗವನ್ನು 16ರಿಂದ ಗುಣಿಸಿ ಎರಡನೆಯದರ ವರ್ಗದಿಂದ ಭಾಗಿಸಿ. 80 ಶೇಕಡಾ ಪವರ್ (ಇರುವ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ), 5 ಶೇಕಡಾ ಸಿಗ್ನಿಫಿಕೆನ್ಸ್‌ಗೆ (ಇಲ್ಲದ ವ್ಯತ್ಯಾಸ ಇದೆಯೆಂದು ಕಾಣುವ ಸಾಧ್ಯತೆ) ಒಂದು ಗುಂಪಿನ ಸಂಖ್ಯೆ ಸಿಗುತ್ತದೆ.

10 ಅಂಕದ ನೋವಿನ ಸ್ಕೇಲಿನಲ್ಲಿ ಡೀವಿಯೇಶನ್ 2, ಬೇಕಾದ ವ್ಯತ್ಯಾಸ 1.5 ಅನ್ನಿ. 16×4 ಅಂದರೆ 64, ಅದನ್ನು 2.25ರಿಂದ ಭಾಗಿಸಿದರೆ 28.4, ಅಂದರೆ 29. ನೂರಕ್ಕೆ 10 ಮಂದಿ ಮಧ್ಯದಲ್ಲಿ ಬಿಟ್ಟುಹೋಗುತ್ತಾರೆ ಎಂದರೆ 0.9ರಿಂದ ಭಾಗಿಸಿ: ಗುಂಪಿಗೆ 33. ಹಾಗಾಗಿ ಈ ಒಂದು ಪ್ರಕರಣದಲ್ಲಿ ನಿಮ್ಮ ಗೈಡ್ ಹೇಳಿದ್ದು ಹೆಚ್ಚುಕಡಿಮೆ ಸರಿ! ಆದರೆ ಬೇಕಾದ ವ್ಯತ್ಯಾಸ 1 ಅಂಕ ಎಂದಾದರೆ ಗುಂಪಿಗೆ 64 ಬೇಕು. ಅಂಥ ಕಡೆ 30 ಜನರನ್ನಷ್ಟೇ ಇಟ್ಟುಕೊಂಡರೆ, ನಿಜವಾಗಿ ಇರುವ ಪರಿಣಾಮವೂ ನಿಮ್ಮ ಕಣ್ಣಿಗೆ ಬೀಳುವ ಸಾಧ್ಯತೆ ಅರ್ಧಕ್ಕಿಂತ ತುಸು ಕಡಿಮೆ. ನಾಣ್ಯ ಚಿಮ್ಮಿದ ಹಾಗೆ. ಅಷ್ಟು ಜನರಿಗೆ ಚುಚ್ಚಿ, ಕೂರಿಸಿ, ಕಾಯಿಸಿ ಕೊನೆಗೆ ‘ವ್ಯತ್ಯಾಸ ಕಾಣಲಿಲ್ಲ’ ಎಂದು ಬರೆಯುವುದು ಅಂಕಿಅಂಶದ ತಪ್ಪಷ್ಟೇ ಅಲ್ಲ. ಅವರ ಸಮಯವನ್ನೂ ನೋವನ್ನೂ ನೀವು ಸುಮ್ಮನೆ ಖರ್ಚು ಮಾಡಿದ್ದೀರಿ. ಎಥಿಕ್ಸ್ ಕಮಿಟಿ ಸ್ಯಾಂಪಲ್ ಸೈಜ್ ಕೇಳುವುದು ಇದಕ್ಕೇ.

ನಿಮ್ಮದು ಸರ್ವೆಯಾದರೆ ಲೆಕ್ಕ ಬೇರೆ. ಹರಡಿಕೆ (ನೂರಕ್ಕೆ ಎಷ್ಟು ಮಂದಿಯಲ್ಲಿದೆ ಎಂಬುದು) ಎಷ್ಟೆಂದು ಅಂದಾಜೇ ಇಲ್ಲದಿದ್ದಾಗ 50 ಶೇಕಡಾ ಎಂದು ಹಿಡಿದು, 5 ಶೇಕಡಾ ಆಚೀಚೆ ಒಪ್ಪಿದರೆ 385 ಜನ, 10 ಶೇಕಡಾ ಆಚೀಚೆ ಒಪ್ಪಿದರೆ 97.

ಪ್ರಶ್ನೆ: ಟೂಲ್ (ರೋಗಿಗಳಿಗೆ ಕೇಳುವ ಪ್ರಶ್ನಾವಳಿ) ಅನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಸಿ ಕನ್ನಡ ಲೆಕ್ಚರರ್ ಸಹಿ ಹಾಕಿಸಿದ್ದೇನೆ. ಇಷ್ಟು ಸಾಕಲ್ಲ?
— ಧಾರವಾಡ

ಉತ್ತರ: ಸಾಲದು. ಸಹಿ ಭಾಷೆ ಶುದ್ಧವಿದೆ ಎನ್ನುತ್ತದೆ. ರೋಗಿಗೆ ಅದೇ ಅರ್ಥ ತಟ್ಟುತ್ತದೆ ಎನ್ನುವುದಿಲ್ಲ. ಮೂಲ ನೋಡಿರದ ಇನ್ನೊಬ್ಬರಿಂದ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ಐದಾರು ರೋಗಿಗಳ ಎದುರು ಓದಿ, ‘ಇದನ್ನ ನಿಮ್ಮ ಮಾತಿನಾಗ ಹೇಳ್ರಿ’ ಅನ್ನಿ. ‘ನಿಮಗೆ ಬೇಜಾರಾಗುತ್ತದೆಯೇ?’ ಎಂದು ಕೇಳಿದರೆ ದುಃಖದವರೂ, ಹೊತ್ತು ಹೋಗದವರೂ, ಯಾರ ಮೇಲೋ ಮುನಿಸಿರುವವರೂ ‘ಹೌದು’ ಅನ್ನುತ್ತಾರೆ. ನಿಮ್ಮ ಕಡೆ ‘ಬ್ಯಾಸರ’ ಅಂದರಂತೂ ಸಾಕಾಗಿಹೋಗಿದೆ ಎಂಬ ಅರ್ಥವೂ ಸೇರುತ್ತದೆ. ಖಿನ್ನತೆ ಅಳೆಯಹೊರಟವರಿಗೆ ಈ ಒಂದು ಪದ ಇಡೀ ಅಂಕವನ್ನೇ ಕೆಡಿಸಬಲ್ಲದು.

ವ್ಯಾಲಿಡೇಶನ್‌ಗೆ (ಪ್ರಶ್ನೆಗಳು ಸೂಕ್ತವೇ ಎಂದು ನೋಡಲು) ಕಳಿಸಿದ ತಜ್ಞರು 7 ಮಂದಿಯಿದ್ದು 6 ಮಂದಿ ಒಂದು ಪ್ರಶ್ನೆಯನ್ನು ಸೂಕ್ತ ಎಂದರೆ ಒಪ್ಪಿದವರ ಪಾಲು 0.86, ಉಳಿಸಿಕೊಳ್ಳಿ, 5 ಮಂದಿ ಎಂದರೆ 0.71, ತಿದ್ದಿ ಅಥವಾ ಬಿಡಿ. ರೂಢಿಯ ಗೆರೆ 0.78. ತಜ್ಞರು ಐವರೇ ಆದರೆ ಐವರೂ ಒಪ್ಪಿರಬೇಕು. ಟೂಲಿನ ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಅಳೆಯಲು ಸರಿ-ತಪ್ಪು ಉತ್ತರದ್ದಕ್ಕೆ ಕೆಆರ್-20, ‘ಪೂರ್ತಿ ಒಪ್ಪುತ್ತೇನೆ’ ಮಾದರಿಗೆ ಕ್ರಾನ್‌ಬ್ಯಾಕ್ ಆಲ್ಫಾ, ಎರಡಕ್ಕೂ 0.7 ಕನಿಷ್ಠ ಎಂದು ಹಿಡಿಯುತ್ತಾರೆ. ಪೈಲಟ್‌ನಲ್ಲಿದ್ದವರನ್ನು ಮುಖ್ಯ ಅಧ್ಯಯನಕ್ಕೆ ಮತ್ತೆ ಸೇರಿಸಬೇಡಿ.

ಪ್ರಶ್ನೆ: ಬಾಣಂತಿಯರಲ್ಲಿ ಖಿನ್ನತೆಯ ಸರ್ವೆಗೆ ಎಡಿನ್‌ಬರೋ ಸ್ಕೇಲ್ ಬಳಸುತ್ತಿದ್ದೇನೆ. ನಿನ್ನೆ ಹಾಳೆಗಳನ್ನು ಎಕ್ಸೆಲ್‌ಗೆ ಹಾಕುವಾಗ, ಎರಡು ವಾರದ ಹಿಂದೆ ಒಬ್ಬರು ಹತ್ತನೇ ಪ್ರಶ್ನೆಗೆ ‘ಆಗಾಗ ಅನ್ನಿಸುತ್ತದೆ’ ಎಂದು ಗುರುತು ಹಾಕಿದ್ದು ಕಂಡಿತು. ಯಾರಿಗೂ ಹೇಳುವುದಿಲ್ಲ ಎಂದು ಬರೆದುಕೊಟ್ಟಿದ್ದೇನೆ. ಏನು ಮಾಡಲಿ?
— ಎಂಎಸ್ಸಿ ವಿದ್ಯಾರ್ಥಿನಿ, ಊರು ಬೇಡ

ಉತ್ತರ: ಇದನ್ನು ಓದುವ ಹೊತ್ತಿಗೆ ನಿಮಗೆ ನಮ್ಮಿಂದ ನೇರ ಉತ್ತರ ತಲುಪಿದೆ; ಬೇರೆಯವರಿಗೂ ಬೇಕಾದ್ದರಿಂದ ಇಲ್ಲೂ ಹಾಕುತ್ತಿದ್ದೇವೆ. ಹತ್ತನೇ ಪ್ರಶ್ನೆ ತನಗೆ ತಾನೇ ಅಪಾಯ ಮಾಡಿಕೊಳ್ಳುವ ಯೋಚನೆಯ ಬಗೆಗಿನದು. ಅದಕ್ಕೆ 0 ಬಿಟ್ಟು ಬೇರೇನೇ ಬಂದರೂ, 30ರಲ್ಲಿ ಒಟ್ಟು ಅಂಕ ಎಷ್ಟೇ ಕಡಿಮೆಯಿದ್ದರೂ, ಅವತ್ತೇ ಕ್ರಮ ಆಗಬೇಕು. ನೀವು ಇವತ್ತೇ ಗೈಡ್‌ಗೂ ಆ ಆಸ್ಪತ್ರೆಯ ವೈದ್ಯಾಧಿಕಾರಿಗೂ ತಿಳಿಸಿ ಆಕೆಯನ್ನು ಭೇಟಿ ಮಾಡಿ. ಬೇರೆಯವರಿಲ್ಲದ ಕಡೆ ಕೂರಿಸಿ ನೇರವಾಗಿ ಕೇಳಿ: ಈಗಲೂ ಆ ಯೋಚನೆ ಬರುತ್ತಿದೆಯೇ, ಹೇಗೆ ಎಂದು ಯೋಚಿಸಿದ್ದೀರಾ, ಮಗುವಿನ ಬಗ್ಗೆಯೂ ಹಾಗನ್ನಿಸುತ್ತದೆಯೇ? ಕೇಳುವುದರಿಂದ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ಈಗಲೂ ಇದ್ದರೆ ಒಂಟಿಯಾಗಿ ಬಿಡಬೇಡಿ, ಮನೋವೈದ್ಯರ ಬಳಿಗೆ ಜತೆಯಲ್ಲೇ ಹೋಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಹತ್ತಿರದ ದಾರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ಘಟಕವಿದೆ. ಮನೆಯವರಲ್ಲಿ ಯಾರಿಗೆ ಹೇಳಬೇಕೆಂದು ಆಕೆಯನ್ನೇ ಕೇಳಿ. ಅತ್ತೆಗೆ ಹೇಳಿದರೆ ಸರಿಹೋಗುತ್ತದೆ ಎಂದು ನೀವೇ ತೀರ್ಮಾನಿಸಬೇಡಿ. ಕೆಲವು ಮನೆಗಳಲ್ಲಿ ಅದೇ ಅಪಾಯ ಹೆಚ್ಚಿಸುತ್ತದೆ.

ಗುಟ್ಟು ಕಾಯುವ ಮಾತಿಗೆ ಜೀವದ ಅಪಾಯ ಹೊರತು. ಆ ಹೊರತನ್ನು ಮಾಹಿತಿ ಪತ್ರದಲ್ಲೇ ಬರೆಯಬೇಕಿತ್ತು: ‘ನೀವು ಹೇಳಿದ್ದನ್ನು ಯಾರಿಗೂ ತಿಳಿಸುವುದಿಲ್ಲ; ನಿಮ್ಮ ಅಥವಾ ಮಗುವಿನ ಜೀವಕ್ಕೆ ಅಪಾಯ ಕಂಡರೆ ಮಾತ್ರ ನಿಮಗೆ ಹೇಳಿಯೇ ಡಾಕ್ಟರಿಗೆ ತಿಳಿಸುತ್ತೇವೆ.’ ತಿದ್ದಿದ ಹಾಳೆಯನ್ನು ಎಥಿಕ್ಸ್ ಕಮಿಟಿಗೆ ಕಳಿಸಿ, ನಡೆದದ್ದನ್ನೂ ಬರೆದು ತಿಳಿಸಿ. ಇನ್ನು ಮುಂದೆ ಹಾಳೆ ವಾಪಸ್ ಪಡೆದ ಕೂಡಲೇ, ತಾಯಿ ಎದ್ದುಹೋಗುವ ಮೊದಲು, ಹತ್ತನೇ ಪ್ರಶ್ನೆ ನೋಡಿ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಅಂಕ ಹಾಕುವ ಅಭ್ಯಾಸವೇ ಇಲ್ಲಿ ಎಡವಿಸಿದ್ದು. ಅದು ನಿಮ್ಮೊಬ್ಬರದೇ ತಪ್ಪಲ್ಲ, ಸಿನಾಪ್ಸಿಸ್ ನೋಡಿದ ಎಲ್ಲರೂ ಕೇಳಬೇಕಿದ್ದ ಪ್ರಶ್ನೆ ಅದು.

ಪ್ರಶ್ನೆ: ನಾನು ಕೆಲಸ ಮಾಡುವ ವಾರ್ಡಿನ ರೋಗಿಗಳೇ ನನ್ನ ಸ್ಯಾಂಪಲ್. ಎಲ್ಲರೂ ‘ನೀವು ಹೇಳಿದ ಮೇಲೆ ಮುಗೀತು ಸಿಸ್ಟರ್’ ಎಂದು ಹೆಬ್ಬೆಟ್ಟು ಒತ್ತುತ್ತಾರೆ. ತೊಂದರೆ ಇಲ್ಲ ತಾನೆ?
— ಸ್ಟಾಫ್ ನರ್ಸ್, ಮೈಸೂರು

ಉತ್ತರ: ಅಷ್ಟು ಸಲೀಸಾಗಿ ಒಪ್ಪುತ್ತಿರುವುದೇ ತೊಂದರೆ. ಅವರು ಒಪ್ಪಿದ್ದು ಅಧ್ಯಯನಕ್ಕಲ್ಲ, ನಿಮಗೆ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರನ್ನು, ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸಿದರು. ಅಷ್ಟು ವರ್ಷ ಅವರನ್ನು ಹಿಡಿದಿಟ್ಟ ಕೊಂಡಿ ಅವರು ನಂಬಿದ್ದ ಒಬ್ಬ ನರ್ಸ್, ಯೂನಿಸ್ ರಿವರ್ಸ್. ನಿಮ್ಮ ಅಧ್ಯಯನಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಆದರೆ ಬಿಳಿ ಕೋಟಿನ ಮೇಲಿನ ನಂಬಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಆದ್ದರಿಂದ ಒಪ್ಪಿಗೆ ಕೇಳುವ ಕೆಲಸವನ್ನು ಆ ವಾರ್ಡಿಗೆ ಸೇರದ ಸಹೋದ್ಯೋಗಿಗೆ ಕೊಡಿ. ಮಾಹಿತಿ ಪತ್ರ ಕೊಟ್ಟು ಸಹಿಗೆ ಮರುದಿನ ಬನ್ನಿ. ಓದಲು ಬಾರದವರಿಗೆ ಪೂರ್ತಿ ಓದಿ ಹೇಳುವಾಗ, ನಿಮ್ಮ ತಂಡಕ್ಕೆ ಸೇರದ, ಅಕ್ಷರ ಬಲ್ಲ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಇರಬೇಕು. ಹೆಬ್ಬೆಟ್ಟಿನ ಪಕ್ಕ ಅವರ ಸಹಿ ಬೇಕು. ಆಮೇಲೆ ರೋಗಿಯನ್ನು ಎರಡು ಪ್ರಶ್ನೆ ಕೇಳಿ: ‘ನಿಮಗೆ ಇದರಲ್ಲಿ ಏನು ಮಾಡುತ್ತಾರಂತೆ?’, ‘ಬೇಡ ಅಂದರೆ ಏನಾಗುತ್ತದೆ?’ ಎರಡನೆಯದಕ್ಕೆ ‘ಬೇಡ ಅಂದ್ರೆ ನೋಡ್ಕೊಳ್ಳಲ್ವೇನೋ’ ಎಂಬ ಉತ್ತರ ಬಂದರೆ ಅದು ಒಪ್ಪಿಗೆಯಲ್ಲ. ಬಸ್ ಚಾರ್ಜು, ತಪ್ಪಿದ ಕೂಲಿ ಕೊಡಬಹುದು, ಕಮಿಟಿಗೆ ತಿಳಿಸಿ. ಮಕ್ಕಳಾದರೆ ಪೋಷಕರ ಸಹಿಯ ಜತೆಗೆ 7 ವರ್ಷದ ಮೇಲಿನವರನ್ನು ಬಾಯಿಮಾತಿನಲ್ಲಾದರೂ ಕೇಳಬೇಕು. 12 ದಾಟಿದವರಿಂದ ಬರವಣಿಗೆಯಲ್ಲಿ ಪಡೆಯಬೇಕು. ನಿಮ್ಮದೇ ಕಾಲೇಜಿನ ಮೊದಲ ವರ್ಷದ ಹುಡುಗಿಯರನ್ನು ಸ್ಯಾಂಪಲ್ ಮಾಡಿಕೊಳ್ಳುವವರಿಗೂ ಇದೇ ಎಚ್ಚರಿಕೆ. ಇಂಟರ್ನಲ್ ಮಾರ್ಕ್ಸ್ ಕೊಡುವ ಮೇಡಂ ಕ್ಲಾಸಿನಲ್ಲಿ ನಿಂತು ‘ಇಷ್ಟವಿಲ್ಲದವರು ಕೈ ಎತ್ತಿ’ ಎಂದರೆ ಯಾರು ಎತ್ತುತ್ತಾರೆ?

ಪ್ರಶ್ನೆ: ಬರೀ ಪ್ರಶ್ನಾವಳಿ ಸರ್ವೆಗೂ ಎಥಿಕಲ್ ಕ್ಲಿಯರೆನ್ಸ್ ಬೇಕೇ? ಡೇಟಾ ತೆಗೆದಾಗಿದೆ, ಈಗ ಪಡೆಯಬಹುದೇ?
— ಇಬ್ಬರು ವಿದ್ಯಾರ್ಥಿಗಳು, ಶಿವಮೊಗ್ಗ ಮತ್ತು ವಿಜಯಪುರ

ಉತ್ತರ: ಬೇಕು. ಮುಗಿದ ಮೇಲೆ ಸಿಗುವುದಿಲ್ಲ; ಹಿಂದಿನ ತಾರೀಕು ಹಾಕಿ ಕೊಟ್ಟರೆ ಅದು ಇನ್ನೂ ದೊಡ್ಡ ತಪ್ಪು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಅಪಾಯವೇ ಇಲ್ಲದಂಥವಕ್ಕೆ ವಿನಾಯಿತಿ, ಅತಿ ಕಡಿಮೆ ಅಪಾಯದವಕ್ಕೆ ಶೀಘ್ರ ಪರಿಶೀಲನೆ, ಉಳಿದವಕ್ಕೆ ಪೂರ್ಣ ಸಭೆ. ಯಾವುದು ಯಾವ ಗುಂಪಿಗೆ ಎಂದು ಹೇಳುವುದು ಕಮಿಟಿ, ನೀವಲ್ಲ, ಗೈಡ್ ಅಲ್ಲ. ಕಾಲೇಜಿನಲ್ಲಿ ಕಮಿಟಿ ಇಲ್ಲದಿದ್ದರೆ ಇನ್ನೊಂದು ಸಂಸ್ಥೆಯ ಕಮಿಟಿಯೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಅಧ್ಯಕ್ಷರು ಹೊರಗಿನವರಿರಬೇಕು, ಪ್ರಿನ್ಸಿಪಾಲರೇ ಅಧ್ಯಕ್ಷರಾಗಿ ಸಹಿ ಹಾಕಿದ ಪತ್ರ ನಿಲ್ಲುವುದಿಲ್ಲ. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಅಥವಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕೊಟ್ಟ ಅನುಮತಿ ಒಳಗೆ ಕಾಲಿಡಲು, ಇದಕ್ಕೆ ಬದಲಿಯಲ್ಲ. ರೋಗಿಗಳ ಮೇಲೆ ಏನಾದರೂ ಪ್ರಯೋಗಿಸಿ ನೋಡುವ ಅಧ್ಯಯನವಾದರೆ, ಅದು ಬಿಸಿ ಶಾಖವೇ ಆಗಿರಲಿ ಯೋಗವೇ ಆಗಿರಲಿ, ಮೊದಲ ವ್ಯಕ್ತಿಯನ್ನು ಸೇರಿಸುವ ಮುಂಚೆಯೇ ಸಿಟಿಆರ್‌ಐನಲ್ಲಿ (ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಾಯಿಸಿ. ಶುಲ್ಕವಿಲ್ಲ. 2018ರ ಏಪ್ರಿಲ್ 1ರಿಂದ ಅಲ್ಲಿ ತಡವಾಗಿ ಬಂದವರನ್ನು ಸೇರಿಸಿಕೊಳ್ಳುವುದಿಲ್ಲ.

ಪ್ರಶ್ನೆ: 66 ಜನರಲ್ಲಿ 6 ಮಂದಿ ಪೋಸ್ಟ್ ಟೆಸ್ಟ್‌ಗೆ ಬರಲಿಲ್ಲ. ‘ಉಳಿದವರ ಸರಾಸರಿ ನೋಡಿ ತುಂಬಿಸು’ ಎಂದು ಗೆಳತಿ ಹೇಳುತ್ತಾಳೆ. ಜತೆಗೆ 12 ಡೆಮೊಗ್ರಾಫಿಕ್ ವೇರಿಯಬಲ್‌ಗಳಲ್ಲಿ ‘ಧರ್ಮ’ ಒಂದಕ್ಕೆ ಮಾತ್ರ ಕೈ-ಸ್ಕ್ವೇರ್ (ಎರಡು ಅಂಶಗಳ ನಡುವೆ ಸಂಬಂಧವಿದೆಯೇ ಎಂದು ನೋಡುವ ಪರೀಕ್ಷೆ) ಸಿಗ್ನಿಫಿಕೆಂಟ್ ಬಂದಿದೆ. ಹೇಗೆ ವಿವರಿಸಲಿ?
— ತುಮಕೂರು

ಉತ್ತರ: ತುಂಬಿಸಬೇಡಿ. ಬಾರದವರ ಅಂಕವನ್ನು ಕೂತು ಬರೆದರೆ ಅದು ಕಟ್ಟಿದ ಡೇಟಾ, ಎಷ್ಟು ನಾಜೂಕಾಗಿ ಬರೆದರೂ. ಯಾವ ಗುಂಪಿನಿಂದ ಎಷ್ಟು ಜನ, ಯಾವ ಕಾರಣಕ್ಕೆ ಬಿಟ್ಟರು ಎಂದು ಒಂದು ಸಾಲು ಬರೆಯಿರಿ. ಆರೂ ಮಂದಿ ಒಂದೇ ಗುಂಪಿನವರಾಗಿದ್ದರೆ ಅದೇ ಒಂದು ಫಲಿತಾಂಶ. ನಿಮ್ಮ ಪಾಠ ಅವರಿಗೆ ಹೊರೆಯಾಗಿತ್ತೇನೋ. ಫೋನ್ ಮಾಡಿ ಕೇಳಿ.

ಧರ್ಮಕ್ಕೆ ವಿವರಣೆ ಹುಡುಕುವ ಮೊದಲು ಇದನ್ನು ನೋಡಿ: ಯಾವ ಸಂಬಂಧವೂ ಇಲ್ಲದ 12 ವೇರಿಯಬಲ್‌ಗಳನ್ನು ಒಂದೊಂದಾಗಿ 0.05ಕ್ಕೆ ಪರೀಕ್ಷಿಸಿದರೆ ಒಂದಾದರೂ ಆಕಸ್ಮಿಕವಾಗಿ ‘ಸಿಗ್ನಿಫಿಕೆಂಟ್’ ಬರುವ ಸಾಧ್ಯತೆ ಸುಮಾರು 46 ಶೇಕಡಾ. ಟೇಬಲ್ಲಿನ ಆ ಸಾಲಿನಲ್ಲಿ ಯಾವುದೋ ಮನೆಯಲ್ಲಿ (ಚೌಕದಲ್ಲಿ) ಇಬ್ಬರೋ ಮೂವರೋ ಇದ್ದಾರೆ ಅಲ್ಲವೇ? ನಿರೀಕ್ಷಿತ ಸಂಖ್ಯೆ (ಸಂಬಂಧವೇ ಇಲ್ಲದಿದ್ದರೆ ಇರಬೇಕಿದ್ದಷ್ಟು) 5ಕ್ಕಿಂತ ಕಡಿಮೆಯಿರುವ ಮನೆಗಳು ಐದರಲ್ಲಿ ಒಂದು ಪಾಲನ್ನು ಮೀರಿದರೆ ಕೈ-ಸ್ಕ್ವೇರ್ ನಂಬಲು ಬಾರದು. ಸಣ್ಣ ಸಂಖ್ಯೆಗಳಿಗೆ ಹೊಂದುವ ಫಿಶರ್ ಟೆಸ್ಟ್ ಮಾಡಿ ನೋಡಿ. ಅದರಲ್ಲೂ ಉಳಿದರೆ ‘12 ಪರೀಕ್ಷೆಗಳಲ್ಲಿ ಒಂದು, ಮೊದಲೇ ಊಹಿಸಿದ್ದಲ್ಲ’ ಎಂದು ಟೇಬಲ್ಲಿನ ಕೆಳಗೇ ಬರೆದು ಮುಂದಕ್ಕೆ ಹೋಗಿ. ಆ ಧರ್ಮದವರಿಗೆ ಜ್ಞಾನ ಯಾಕೆ ಕಡಿಮೆ ಎಂದು ಅರ್ಧ ಪುಟದ ಚರ್ಚೆ ಬರೆಯಬೇಡಿ.